ಸ್ಪಿರಿಟ್ ದೀಪ ಆರದಿರಲೆಂದು

೧೯೮೮ರಲ್ಲಿ ನಾನು ಅಥಣಿ ತಾಲ್ಲೂಕಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ತಪ್ಪು ನನ್ನದು. ಕ್ಷಯರೋಗದ ಕಫ ಪರೀಕ್ಷೆ ನನ್ನ ಮುಖ್ಯ ಕೆಲಸ. ಕಫವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಸ್ಪಿರಿಟ್ ದೀಪದ ಉರಿಗೆ ಹಿಡಿದು, ಕೆಂಪು ಬಣ್ಣ ಹಾಕಿ ಮತ್ತೆ ಕಾಯಿಸಬೇಕು. ಆಮೇಲೆ ಆಸಿಡ್‌ನಲ್ಲಿ ತೊಳೆದು ನೀಲಿ ಬಣ್ಣ ಹಾಕಿದರೆ, ಮೈಕ್ರೋಸ್ಕೋಪಿನಲ್ಲಿ ಟಿ.ಬಿ. ಕ್ರಿಮಿಗಳು ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳಾಗಿ ಕಾಣುತ್ತವೆ. ಮರುಪರಿಶೀಲನೆಗೆಂದು ಜಿಲ್ಲೆಗೆ ಹೋದ ನನ್ನ ಸ್ಲೈಡುಗಳಲ್ಲಿ ಒಂದೂ ತಪ್ಪೆಂದು ವಾಪಸು ಬಂದಿರಲಿಲ್ಲ. ಆ ಜಂಬ ನನಗೆ ಸಾಕಷ್ಟಿತ್ತು.

ಲ್ಯಾಬಿಗೆ ಇದ್ದದ್ದು ಒಂದೇ ಕಿಟಕಿ, ಅದೂ ರಸ್ತೆಯ ಕಡೆಗೆ. ತೆರೆದರೆ ಗಾಳಿಗೆ ದೀಪ ಆರುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಬಂದು ಹಸಿ ಸ್ಲೈಡಿನ ಮೇಲೆ ಕೂರುತ್ತಿತ್ತು. ಎರಡು ಸಲ ಬೈದುಕೊಂಡೆ, ಮೂರನೇ ಸಲ ಕಿಟಕಿಗೆ ಮೊಳೆ ಹೊಡೆದೆ.

ರೋಗಿಗಳು ಹೊರಗೆ ಬಯಲಲ್ಲಿ ಕೆಮ್ಮಿ ಕಫ ಕೊಡಬೇಕೆಂಬುದು ನಿಯಮ. ಆದರೆ ಸಂತೆಯ ದಿನ ಸುತ್ತಲಿನ ಊರಿನವರೆಲ್ಲ ಆಸ್ಪತ್ರೆಯ ಅಂಗಳದಲ್ಲೇ ಇರುತ್ತಿದ್ದರು. ಕೈಯಲ್ಲಿ ಕಫದ ಡಬ್ಬಿ ಹಿಡಿದದ್ದು ಒಬ್ಬರ ಕಣ್ಣಿಗೆ ಬಿದ್ದರೂ ಮನೆಯ ಹೆಣ್ಣುಮಕ್ಕಳ ಲಗ್ನದ ಮಾತು ನಿಂತುಹೋಗುತ್ತಿತ್ತು. ಒಮ್ಮೆ ದ್ರಾಕ್ಷಿ ತೋಟದ ಒಬ್ಬ ರೈತ ಕೈಮುಗಿದು, "ಒಳಗ ಕರ್ಕೊಳ್ರಿ ಸಾಹೇಬ್ರ, ನಮ್ಮ ಬೀಗರು ಹೊರಗ ಕುಂತಾರ" ಎಂದು ಅತ್ತುಬಿಟ್ಟ. ಅಂದಿನಿಂದ ನಾನು ಎಲ್ಲರನ್ನೂ ಲ್ಯಾಬಿನೊಳಗೆ ಕರೆದು, ಬಾಗಿಲು ಹಾಕಿ ಕೆಮ್ಮಿಸತೊಡಗಿದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಆ ವರ್ಷ ನರ್ಸಿಂಗ್ ತರಬೇತಿಗೆ ಆರು ಹುಡುಗಿಯರು ಬಂದಿದ್ದರು. ಅವರಲ್ಲಿ ಬಾಳವ್ವ ಐಗಳಿಯ ಕಡೆಯವಳು, ಕುರಿ ಕಾಯುವ ಮನೆತನ. ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ಅವಳೊಬ್ಬಳೇ. ಮೈಕ್ರೋಸ್ಕೋಪಿನ ಹುಚ್ಚು ಎಷ್ಟಿತ್ತೆಂದರೆ, ಬಿಡುವಾದಾಗಲೆಲ್ಲ ನನ್ನ ಲ್ಯಾಬಿಗೇ ಬರುತ್ತಿದ್ದಳು. ರೋಗಿಯ ಎದುರು ಡಬ್ಬಿ ಹಿಡಿದು ನಿಂತು, "ಎದಿ ಒಳಗಿಂದ ಕೆಮ್ಮರಿ ಕಾಕಾ, ಬರೇ ಉಗುಳು ಬ್ಯಾಡ್ರಿ" ಎಂದು ಹುರಿದುಂಬಿಸುವವಳು ಅವಳೇ. ನಾನು ಮೂಲೆಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತಿದ್ದೆ. "ಬಿ.ಸಿ.ಜಿ. ಸೂಜಿ ಆಗೈತಲ್ಲ, ನಿಮಗೇನೂ ಆಗೂದಿಲ್ಲ" ಎಂದು ಆ ಹುಡುಗಿಯರಿಗೆ ಧೈರ್ಯ ಹೇಳಿದವನೂ ನಾನೇ.

ಚಳಿಗಾಲದ ಒಂದು ಸೋಮವಾರ ಒಂದು ಸ್ಲೈಡ್ ನೋಡಿ ಬೆಚ್ಚಿಬಿದ್ದೆ. ಎತ್ತ ಸರಿಸಿದರೂ ಕೆಂಪು ಕಡ್ಡಿಗಳ ಹಿಂಡು. ಮೂರು ಪ್ಲಸ್, ಎಂದರೆ ಕೆಮ್ಮಿದಾಗಲೆಲ್ಲ ಸುತ್ತಲಿನವರಿಗೆ ರೋಗ ಹಂಚುವ ರೋಗಿ. ರಿಜಿಸ್ಟರಿನಲ್ಲಿ ಬಾಳವ್ವ ಬರೆದಿದ್ದಳು: ಗಂಗೂಬಾಯಿ, ವಯಸ್ಸು ೧೯, ಯಡೂರು. ಹೊರರೋಗಿಗಳ ಚೀಟಿ ಇರಲಿಲ್ಲ. ಫಲಿತಾಂಶ ಕೇಳಲು ಯಾರೂ ಬರಲಿಲ್ಲ.

ಮೂರು ದಿನ ಕಾದೆ. ಆಮೇಲೆ ತಡೆಯಲಾರದೆ ನಾನೇ ಬಸ್ಸು ಹತ್ತಿ ಯಡೂರಿಗೆ ಹೋದೆ. ಕೃಷ್ಣಾ ದಂಡೆಯ ಓಣಿಗಳಲ್ಲಿ ಮಧ್ಯಾಹ್ನದ ತನಕ ಅಲೆದೆ. ಗುಡಿಯ ಮುಂದೆ ಕೂತಿದ್ದ ಮುದುಕರೊಬ್ಬರು ನಕ್ಕರು. "ನಮ್ಮೂರಾಗ ಗಂಗೂಬಾಯಿ ಇಬ್ರ ಅದಾರ್ರಿ. ಒಬ್ಬಾಕಿಗೆ ಎಪ್ಪತ್ತ, ಇನ್ನೊಬ್ಬಾಕಿ ತೊಟ್ಟಲದಾಗ ಅದಾಳ. ನಿಮಗ ಯಾವಾಕಿ ಬೇಕ್ರಿ?" ನನಗೆ ನಗು ಬರಲಿಲ್ಲ. ಮರುವಾರ ಮತ್ತೆ ಹೋದೆ, ನದಿ ದಂಡೆಯ ತೋಟದ ಮನೆಗಳನ್ನೂ ಬಿಡಲಿಲ್ಲ. ಬರಿಗೈಲೇ ಬಂದೆ.

ಸಿಟ್ಟೆಲ್ಲ ಬಾಳವ್ವನ ಮೇಲೆ ತಿರುಗಿತು. "ಚೀಟಿ ಇಲ್ಲದ ಡಬ್ಬಿ ಯಾಕ ತಗೊಂಡಿ? ಹೆಂಗಿದ್ಲು ಆಕಿ? ಯಾರ ಜೋಡಿ ಬಂದಿದ್ಲು?" ಆಕೆ ಸೆರಗನ್ನು ಬಾಯಿಗೆ ಒತ್ತಿ ನಿಂತಳು. ಅಳುತ್ತಿದ್ದಾಳೆ ಅಂದುಕೊಂಡೆ. ಕೆಮ್ಮು ತಡೆಯುತ್ತಿದ್ದಾಳೆಂದು ಹೊಳೆಯಲೇ ಇಲ್ಲ. ಆ ಮುಖ ಇಳಿದುಹೋದದ್ದನ್ನು ಎರಡು ತಿಂಗಳಿಂದ ದಿನವೂ ನೋಡುತ್ತಿದ್ದೆ, ಹಾಸ್ಟೆಲ್ ಊಟದ ಫಲ ಎಂದು ತಮಾಷೆಯನ್ನೂ ಮಾಡಿದ್ದೆ.

ಮೂರನೇ ಸಲ ಹೆಗಲಿಗೆ ಚೀಲ ಹಾಕಿ ಹೊರಟಾಗ ನನಗೆ ನಾನೇ ಗೊಣಗಿದೆ: "ಆಕಿ ಮನ್ಯಾಗ ಸಣ್ಣ ಹುಡುಗೂರು ಇದ್ರ ಏನ್ ಗತಿ? ದಿನಾ ಅವರ ಮಾರಿಗೆ ಕೆಮ್ಮಾಕತ್ತಿರ್ತಾಳ."

ಬಾಳವ್ವ ಬಾಗಿಲಿಗೆ ಅಡ್ಡ ಬಂದಳು.

"ಯಡೂರಿಗೆ ಹೋಗಬ್ಯಾಡ್ರಿ ಸರ್. ಆಕಿ ಇಲ್ಲೇ ಅದಾಳ. ಅದು ನಂದ ಕಫರಿ."

ಹೆಗಲ ಚೀಲ ಇಳಿಸಿದೆ. ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. "ಬ್ಯಾನಿ ಐತಿ ಅಂದ್ರ ಮನಿಗೆ ಕಳಸ್ತಾರ್ರಿ. ಒಮ್ಮಿ ಐಗಳಿಗೆ ಹೋದ್ರ ಮತ್ತ ಬರಾಕ ಬಿಡೂದಿಲ್ಲ. ನಮ್ಮ ರೂಮಿನ್ಯಾಗ ಆರು ಮಂದಿ ಮಲಗ್ತೀವ್ರಿ, ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತೀನಿ" ಎಂದಳು. ಹತ್ತೊಂಬತ್ತರ ಹುಡುಗಿ, ರೋಗವನ್ನೂ ಅದರ ನಾಚಿಕೆಯನ್ನೂ ಒಬ್ಬಳೇ ಹೊತ್ತಿದ್ದಳು.

ನಮ್ಮ ವೈದ್ಯಾಧಿಕಾರಿ ನಿಪ್ಪಾಣಿ ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ಬಾಳವ್ವನನ್ನು ಪರೀಕ್ಷಿಸಿ ನೇರ ನನ್ನ ಲ್ಯಾಬಿಗೆ ಬಂದರು. ಗೋಡೆಯ ದೇವರ ಪಟಕ್ಕೆ ನಾನು ಹಚ್ಚಲಿಟ್ಟಿದ್ದ ಊದಿನಕಡ್ಡಿ ತೆಗೆದುಕೊಂಡು, ದೀಪಕ್ಕೆ ಹಿಡಿದು ಹೊತ್ತಿಸಿ, ಬಾಗಿಲು ಹಾಕಿಸಿದರು. ಹೊಗೆ ಮೇಲೇರಿ ಅಲ್ಲೇ ನಿಂತಿತು. ಐದು ನಿಮಿಷವಾದರೂ ಕದಲಲಿಲ್ಲ.

"ಅರೇ ದೇವಾ! ಇದರಾಗ ಎಷ್ಟ ಮಂದಿ ಕೆಮ್ಮತಾರ ದಿನಕ್ಕ?"

"ಹತ್ತು, ಹನ್ನೆರಡು ಮಂದಿರಿ ಮೇಡಂ."

"ಆ ಹೊಗಿ ನಮಗ ಕಾಣತೈತಿ. ಕೆಮ್ಮಿದ್ದು ಕಾಣೂದಿಲ್ಲ, ಅಷ್ಟ ಫರಕ್" ಎಂದು ಕಡ್ಡಿ ಆರಿಸಿ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಐವರದೂ ನನ್ನದೂ ಎಕ್ಸ್-ರೇ ತೆಗೆಸಿದೆವು. ಇನ್ನೊಬ್ಬಳ ಶ್ವಾಸಕೋಶದಲ್ಲೂ ಸಣ್ಣ ನೆರಳಿತ್ತು. ಅವಳಿಗೂ ಗುಳಿಗೆ ಶುರುವಾಯಿತು. ನನ್ನ ಎದೆ ಸ್ವಚ್ಛ. ಕೆಮ್ಮುವವರಿಗೆ ಬೆನ್ನು ಹಾಕಿ ಕೂತಿದ್ದಕ್ಕೋ, ತುಪ್ಪ ಮೊಸರು ಉಂಡು ಬೆಳೆದದ್ದಕ್ಕೋ, ಹೇಳಲಾರೆ.

ಡಾಕ್ಟರು ತರಬೇತಿ ಕೇಂದ್ರಕ್ಕೆ ತಾವೇ ಹೋಗಿ ಜಗಳವಾಡಿ ಇಬ್ಬರ ಸೀಟನ್ನೂ ಉಳಿಸಿದರು. ಬಾಳವ್ವನನ್ನು ವಾರ್ಡಿನ ತುದಿಯ ಗಾಳಿಯಾಡುವ ಕೋಣೆಯಲ್ಲಿರಿಸಿ ಎರಡು ತಿಂಗಳು ದಿನವೂ ಸ್ಟ್ರೆಪ್ಟೊಮೈಸಿನ್ ಸೂಜಿ, ಜೊತೆಗೆ ಗುಳಿಗೆ. ಅಪ್ಪ ವಾರಕ್ಕೊಮ್ಮೆ ಐಗಳಿಯಿಂದ ಕುರಿಹಾಲು ತರುತ್ತಿದ್ದ. ಕರೆದುಕೊಂಡು ಹೋಗುತ್ತೇನೆಂದು ಒಮ್ಮೆಯೂ ಅನ್ನಲಿಲ್ಲ. ಆಕೆ ಹೆದರಿದ್ದು ಅಪ್ಪನಿಗೆ, ಆತನೋ ಮಗಳ ಓದು ನಿಲ್ಲುತ್ತದೆಂದು ಹೆದರಿದ್ದ.

ಈ ನಡುವೆ ನಾನು ಕಿಟಕಿಯ ಮೊಳೆ ಕಿತ್ತೆ. ಹಿತ್ತಲಲ್ಲಿ ಕಬ್ಬಿನ ರವದಿಯಿಂದ, ಅಂದರೆ ಒಣಗರಿಯಿಂದ, ಒಂದು ತಟ್ಟಿ ಕಟ್ಟಿಸಿದೆ. ಮೇಲೆ ಆಕಾಶ, ಸುತ್ತ ಮರೆ. ಅಲ್ಲಿ ಕೆಮ್ಮಿದರೆ ಬೀಗರ ಕಣ್ಣಿಗೂ ಬೀಳುವುದಿಲ್ಲ, ಎದುರಿನವರ ಎದೆಗೂ ಇಳಿಯುವುದಿಲ್ಲ. ದೀಪಕ್ಕೆ ಗಾಳಿ ತಾಗದಂತೆ ಹಳೇ ಎಣ್ಣೆ ಡಬ್ಬಿ ಕತ್ತರಿಸಿ ಮೂರು ಬದಿಗೆ ತಗಡಿನ ಗೋಡೆ ಮಾಡಿದೆ.

ಎರಡು ತಿಂಗಳು ಮುಗಿದ ದಿನ ಅವಳ ಸ್ಲೈಡನ್ನು ಅವಳ ಮುಂದೆಯೇ ಇಟ್ಟೆ. "ನೀನ ನೋಡು, ನಾ ನೋಡೂದಿಲ್ಲ" ಎಂದೆ. ಧೈರ್ಯವಿರಲಿಲ್ಲ, ಅದೇ ನಿಜ. ಆಕೆ ನಿಧಾನವಾಗಿ ಸ್ಲೈಡ್ ಸರಿಸುತ್ತ, ನಾನು ಕಲಿಸಿದಂತೆ ನೂರು ಕಡೆ ನೋಡಿದಳು. ನಾನು ಕಿಟಕಿಯಾಚೆಯ ಟ್ರ್ಯಾಕ್ಟರುಗಳನ್ನು ಎಣಿಸುತ್ತ ನಿಂತೆ.

"ಒಂದೂ ಇಲ್ಲರಿ ಸರ್" ಎಂದಳು. ಕಣ್ಣೊರೆಸಿಕೊಂಡು ಮೇಜಿನ ಮೇಲಿನ ತಗಡನ್ನು ಮುಟ್ಟಿದಳು. ಗಾಳಿ ಬೀಸುತ್ತಿತ್ತು, ದೀಪ ಉರಿಯುತ್ತಿತ್ತು.

"ಚೊಲೋ ಮಾಡೀರಿ. ಎಷ್ಟ ಹೊತ್ತ ಹಿಡೀತ್ರಿ ಇದಕ್ಕ?"

"ಅರ್ಧ ತಾಸು" ಎಂದೆ.

ಆಮೇಲೆ ನಾನು ಕೆಲಸ ಮಾಡಿದ ಪ್ರತಿ ಲ್ಯಾಬಿನಲ್ಲೂ ಮೊದಲ ದಿನ ಊದಿನಕಡ್ಡಿ ಹಚ್ಚಿ ಹೊಗೆ ಎತ್ತ ಹೋಗುತ್ತದೆಂದು ನೋಡಿದೆ. ಹೊಸಬರು ಭಕ್ತಿ ಎಂದುಕೊಂಡರು. ಅದು ನಾನು ಆ ಅರ್ಧ ತಾಸನ್ನು ತಡವಾಗಿ ಕೊಟ್ಟದ್ದರ ನೆನಪು.