ಕಾಶ್ಮೀರದ ದಾರಿಯಲ್ಲಿ ಜರಗನಹಳ್ಳಿ

ಕನ್ಯಾಕುಮಾರಿಗೆ ಹೋಗಿ, ಅಲ್ಲಿಂದ ಕಾಶ್ಮೀರದವರೆಗೆ ಒಬ್ಬನೇ ಸೈಕಲ್ ತುಳಿಯುತ್ತೇನೆಂದು ಹೊರಟವನು ನಾನು. ಮೊದಲನೆಯ ದಿನ ಸಂಜೆಯ ಹೊತ್ತಿಗೆ ತಲುಪಿದ್ದು ಜರಗನಹಳ್ಳಿಯನ್ನು. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಿಂದ ಅದು ನಾಲ್ಕೂವರೆ ಮೈಲಿ. ಈ ಮಾತು ಹೇಳಿದಾಗಲೆಲ್ಲ ಜನ ನಗುತ್ತಾರೆ. ನನಗೆ ಇವತ್ತಿಗೂ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಐವತ್ತರ ದಶಕದ ಕೊನೆಯ ಮಾತು. ನನಗಾಗ ಇಪ್ಪತ್ತಮೂರು. ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮ್ಯಾನೇಜರನ್ನು ಕಾಡಿ ಬೇಡಿ ಸಂಬಳವಿಲ್ಲದ ಮೂರು ತಿಂಗಳ ರಜ ಮಂಜೂರು ಮಾಡಿಸಿಕೊಂಡಿದ್ದೆ. ರಜ ಡಿಸೆಂಬರಿನ ಒಂದು ಗುರುವಾರದಿಂದ ಶುರು. ಡಿಸೆಂಬರಿನಲ್ಲಿ ಹೊರಟವನು ಕಾಶ್ಮೀರ ಸೇರುವಾಗ ಅಲ್ಲಿ ಮಂಡಿಯುದ್ದ ಹಿಮ ಬಿದ್ದಿರುತ್ತದೆಂದು ನನ್ನ ಭೂಪಟದಲ್ಲಿ ಬರೆದಿರಲಿಲ್ಲ. ಅಷ್ಟು ಬುದ್ಧಿವಂತ ನಾನು.

ರಜ ಮಂಜೂರಾದ ದಿನದಿಂದ ಅಪ್ಪ ನನ್ನೊಡನೆ ಮಾತು ಬಿಟ್ಟರು. ಅವರೂ ಗುಮಾಸ್ತರೇ, ಸರ್ಕಾರಿ ಕಚೇರಿಯಲ್ಲಿ. ಕೈಗೆ ಬಂದ ಕಾಗದದಲ್ಲಿ ಒಂದು ತಪ್ಪು ಹುಡುಕದೆ ಮುಂದಕ್ಕೆ ಕಳಿಸಿದವರಲ್ಲ. ನನ್ನ ಪ್ರಯಾಣದಲ್ಲೂ ಹುಡುಕಿದರು. ಗುರುವಾರ ದಕ್ಷಿಣ ದಿಕ್ಕಿಗೆ ಶೂಲವಂತೆ, ಆ ಕಡೆ ಹೊರಡುವಂತಿಲ್ಲ. ಶುಕ್ರವಾರ ಅಮ್ಮ ಬೇಡವೆಂದರು. ಶನಿವಾರದ ಮಾತನ್ನು ಯಾರೂ ಎತ್ತಲೇ ಇಲ್ಲ. ಭಾನುವಾರ ಅಮಾವಾಸ್ಯೆ. ಅದು ಕಳೆದರೆ ಧನುರ್ಮಾಸ, ಒಂದು ತಿಂಗಳು ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವ ಹಾಗಿಲ್ಲ. ಗುರುವಾರ ತಪ್ಪಿದರೆ ರಜದಲ್ಲಿ ಒಂದು ತಿಂಗಳು ಮನೆಯಲ್ಲೇ ಕೂತು ಸವೆಯಬೇಕು. ಉಳಿದ ಎರಡರಲ್ಲಿ ದೇಶ ದಾಟುವುದು ಸಾಧ್ಯವಿರಲಿಲ್ಲ. ಅಂಥ ರಜ ಇನ್ನೊಮ್ಮೆ ಕೊಡುವಷ್ಟು ಒಳ್ಳೆಯವನಲ್ಲ ಆ ಮ್ಯಾನೇಜರು.

ಕೊನೆಗೆ ಅಮ್ಮ ಅತ್ತೂ ಕರೆದೂ ಒಂದು ಪರಿಹಾರ ಹೊರಡಿಸಿದರು. ಪ್ರಸ್ಥಾನ ಇಡುವುದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಒಳ್ಳೆಯ ಗಳಿಗೆ ನೋಡಿ, ಹೋಗುವ ದಿಕ್ಕಿನಲ್ಲಿ ಬೇರೆಯವರ ಮನೆಯಲ್ಲಿ ನಮ್ಮದೊಂದು ಸಾಮಾನು ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಆಗಲೇ ಶುರುವಾದ ಹಾಗೆ. ಮಾರನೆಯ ದಿನ ಆ ಮನೆಯಿಂದ ಅದನ್ನೆತ್ತಿಕೊಂಡು ಮುಂದೆ ಹೋದರೆ ದೋಷವಿಲ್ಲ. ನಿಯಮಗಳನ್ನು ಅಪ್ಪ ನನಗೆ ಕೇಳುವಂತೆ ಅಮ್ಮನಿಗೆ ಹೇಳಿದರು. ಇಟ್ಟ ಸಾಮಾನು ಮನೆಗೆ ವಾಪಸ್ ಬರಕೂಡದು, ಪ್ರಯಾಣದ ನಡುವೆ ನೆಲ ಮುಟ್ಟಕೂಡದು. ಹೊರಟವನು ಮತ್ತೆ ಮನೆಯ ಹೊಸಿಲು ದಾಟಕೂಡದು. ಯಾವುದು ತಪ್ಪಿದರೂ ಪ್ರಯಾಣ ರದ್ದು, ಹೊಸದಾಗಿ ಮುಹೂರ್ತ ನೋಡಬೇಕು.

ಇದನ್ನೆಲ್ಲ ನಂಬುತ್ತಿರಲಿಲ್ಲ ನಾನು. ಆದರೆ ಅಮ್ಮನ ಕಣ್ಣೀರಿನ ಮುಂದೆ ವಾದ ನಡೆಯುವುದಿಲ್ಲ. ನಮ್ಮ ಹಾಲಿನವನ ಮನೆ ಜರಗನಹಳ್ಳಿಯಲ್ಲಿ, ನನ್ನ ದಾರಿಯಲ್ಲೇ ಇತ್ತು. ಬುಧವಾರ ಸಂಜೆ ಅಲ್ಲಿಗೆ ಹೋದೆ. ಒಂದು ಪಂಚೆಯನ್ನೋ ತೆಂಗಿನಕಾಯಿಯನ್ನೋ ಇಟ್ಟಿದ್ದರೆ ಸಾಕಾಗಿತ್ತು. ನಾನು ಸೋಮಾರಿ, ಎರಡು ಸಲ ಯಾಕೆ ಹೊರೆ ಹೊರಬೇಕೆಂದು ಇಡೀ ಚೀಲವನ್ನೇ ಇಟ್ಟುಬಂದೆ. ಬಟ್ಟೆ, ಪಂಪು, ಪಂಚರ್ ಸಾಮಾನು, ಊರೂರಲ್ಲಿ ಸಹಿ ಮೊಹರು ಹಾಕಿಸಬೇಕಾದ ಪುಸ್ತಕ, ಭೂಪಟ, ಎಲ್ಲ ಅದರಲ್ಲೇ. ಹಾಲಿನವನು ಇರಲಿಲ್ಲ. ಅವನ ತಾಯಿಗೆ, ನಾಳೆ ಬೆಳಿಗ್ಗೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಷ್ಟೇ ಹೇಳಿದೆ. ಪ್ರಸ್ಥಾನದ ವಿಷಯ ಹೇಳಲು ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ಐದು ಗಂಟೆಗೆ ಅಮ್ಮ ಆರತಿ ಎತ್ತಿದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಹೊದಿಕೆ ಎಳೆದುಕೊಂಡು ಮಲಗಿದ್ದರು. ಎಚ್ಚರವಾಗಿದ್ದರೆಂದು ನನಗೆ ಗೊತ್ತು. ಅವರು ನಿದ್ದೆ ಮಾಡುವಾಗ ಗೊರಕೆ ಹೊಡೆಯುತ್ತಿದ್ದರು. ನಾನೂ ಕಾಲಿಗೆ ಬೀಳದೆ ಹೊರಟೆ.

ಬನಶಂಕರಿ ದೇವಸ್ಥಾನ ದಾಟಿದರೆ ಆಗ ಊರು ಮುಗಿಯುತ್ತಿತ್ತು. ಕನಕಪುರ ರಸ್ತೆಯ ಎರಡು ಕಡೆಯೂ ಹೊಲ, ಸಂತೆಗೆ ಹೊರಟ ತರಕಾರಿ ಗಾಡಿಗಳು. ‘ಕನ್ಯಾಕುಮಾರಿ – ಕಾಶ್ಮೀರ’ ಎಂದು ಬರೆಸಿದ ತಗಡಿನ ಬೋರ್ಡು ಸೈಕಲ್ಲಿನ ಬಾರಿಗೆ ತಗುಲಿಕೊಂಡು ಗಲಗಲ ಅನ್ನುತ್ತಿತ್ತು. ನನಗೆ ಸಂತೋಷವಾಗಿತ್ತು. ಆ ದಿನ ನಾನು ಸಂತೋಷವಾಗಿದ್ದದ್ದು ಅಷ್ಟು ಹೊತ್ತು ಮಾತ್ರ.

ಜರಗನಹಳ್ಳಿಯಲ್ಲಿ ಹಾಲಿನವನ ತಾಯಿ ಅಂಗಳ ಸಾರಿಸುತ್ತಿದ್ದರು. ಚೀಲ ಎಲ್ಲಿ ಎಂದೆ.

“ನಮ್ಮೋನು ಹಾಲಿನ ಜತೇಲಿ ನಿಮ್ಮನೇಗೇ ತಗಂಡೋದ ಕಣಪ್ಪ” ಎಂದರು ಆ ತಾಯಿ. “ಪಾಪ, ಅಷ್ಟು ದೂರ ಸೈಕಲ್ ತುಳ್ಕಂಡು ಅವರ‍್ಯಾಕೆ ಬರ‍್ಬೇಕು ಅಂದ.”

ನನ್ನ ಬೋರ್ಡನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಏನೂ ಆಗುತ್ತಿರಲಿಲ್ಲ, ಚೀಲ ಆಗಲೇ ಹೋಗಿತ್ತು. ಹಾಲಿನವನು ಮೊದಲು ಜಯನಗರದ ಹೊಸ ಮನೆಗಳಿಗೆ ಹಾಲು ಹಾಕಿ ಆಮೇಲೆ ನಮ್ಮ ಕಡೆ ಬರುತ್ತಿದ್ದ. ಹೊಲದ ಅಡ್ಡದಾರಿ ಹಿಡಿದಿದ್ದರಿಂದ ನನಗೆ ಎದುರಾಗಿರಲಿಲ್ಲ. ಅವನು ಮನೆ ಸೇರುವ ಮೊದಲೇ ಹಿಡಿಯಬೇಕೆಂದು ಜಯನಗರದ ಬೀದಿಬೀದಿ ಸುತ್ತಿದೆ. ಅರ್ಧ ಕಟ್ಟಿದ ಮನೆಗಳು, ಮರಳಿನ ರಾಶಿಗಳು, ಒಂದರ ಹಾಗೆ ಇನ್ನೊಂದು ರಸ್ತೆ. ಪ್ರತಿ ಮನೆಯವರೂ ಈಗ ತಾನೆ ಹೋದ ಎನ್ನುವವರೇ.

ಏಳೂವರೆಗೆ ನಮ್ಮ ಬೀದಿಗೆ ಬಂದಾಗ ಎದುರುಮನೆಯ ಯಜಮಾನರು ಹಲ್ಲುಜ್ಜುತ್ತಾ ನಿಂತಿದ್ದರು. ಬೋರ್ಡು ನೋಡಿ, ಏನಪ್ಪಾ, ಆಗಲೇ ಕಾಶ್ಮೀರ ಮುಗಿಸಿಕೊಂಡು ಬಂದೆಯಾ ಎಂದು ಕೇಳಿದರು. ಬೋರ್ಡನ್ನು ಒಳಮುಖವಾಗಿ ತಿರುಗಿಸಿ ಮನೆಯೊಳಕ್ಕೆ ನುಗ್ಗಿದೆ.

ಅಮ್ಮ ಗಾಬರಿಯಾಗಿದ್ದರು. ಹಾಲಿನವನು ಚೀಲ ತಂದದ್ದು ನಿಜ. ಅದನ್ನು ನೋಡಿದ್ದೇ ಅಪ್ಪ ಬರಿಗಾಲಲ್ಲಿ ಓಡಿಹೋಗಿ ಗೇಟಿನ ಹೊರಗೇ ಅವನನ್ನು ತಡೆದು ಚೀಲ ಕಿತ್ತುಕೊಂಡರಂತೆ. ಚೀಲ ಎದೆಗವಚಿಕೊಂಡೇ ನಿಂತು, ಅಮ್ಮನಿಂದ ಕೋಟು ಚಪ್ಪಲಿ ತರಿಸಿಕೊಂಡು, ಯಾವ ಮಾತಿಗೂ ಉತ್ತರ ಕೊಡದೆ ಹೊರಟುಹೋದರಂತೆ.

ನನಗೆ ಎಲ್ಲ ಅರ್ಥವಾಯಿತು. ಅಥವಾ ಅರ್ಥವಾಯಿತೆಂದು ಅಂದುಕೊಂಡೆ. ಮಗನನ್ನು ತಡೆಯಲು ಕೊನೆಗೂ ಒಂದು ತಪ್ಪು ಸಿಕ್ಕಿತಲ್ಲ! ಪ್ರಸ್ಥಾನ ಮನೆಬಾಗಿಲಿಗೆ ಬಂದಿದೆ, ಪ್ರಯಾಣ ರದ್ದು ಎಂದು ಜೋಯಿಸರ ಬಾಯಲ್ಲಿ ಹೇಳಿಸಲು ಹೋಗಿದ್ದಾರೆ, ಚೀಲವನ್ನು ಎಲ್ಲಿಯೋ ಬಚ್ಚಿಡುತ್ತಾರೆ. ಅಮ್ಮ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೊರಟೆ.

ಮೊದಲು ಗುಡ್ಡದ ಮೇಲಿನ ದೇವಸ್ಥಾನ. ಅಷ್ಟೂ ಮೆಟ್ಟಿಲು ಹತ್ತಿದೆ, ಅಪ್ಪ ಅಲ್ಲಿರಲಿಲ್ಲ. ಗವಿಪುರದ ಜೋಯಿಸರ ಮನೆಗೆ ಹೋದೆ. ಅಲ್ಲಿಗೂ ಬಂದಿರಲಿಲ್ಲ. ಇವತ್ತು ದಕ್ಷಿಣಕ್ಕೆ ಶೂಲ, ಗೊತ್ತಲ್ಲ ಎಂದು ಜೋಯಿಸರು ನೆನಪಿಸಿದರು. ಕಚೇರಿಗೇ ಹೋಗಿ ನೋಡೋಣವೆಂದು ಪೇಟೆಯ ಕಡೆ ತಿರುಗಿದರೆ ದಾರಿಯಲ್ಲಿ ಹಿಂದಿನ ಚಕ್ರ ಪಂಚರ್. ಪಂಪು ಚೀಲದಲ್ಲಿ, ತೇಪೆ ಚೀಲದಲ್ಲಿ, ಚೀಲ ಅಪ್ಪನ ಕೈಯಲ್ಲಿ. ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಒಂದು ಸೈಕಲ್ ಅಂಗಡಿ ಹುಡುಕಿದೆ. ಅಂಗಡಿಯವನು ಸೈಕಲ್ ಮಗುಚುವಾಗ ಬೋರ್ಡು ತಿರುಗಿಕೊಂಡು ಅವನ ಮುಖಕ್ಕೇ ನಿಂತಿತು. ನಿಧಾನವಾಗಿ ಓದಿ, ಕಾಶ್ಮೀರಕ್ಕೆ ಪಂಪ್ ಇಲ್ಲದೆ ಹೊರಟಿರಾ ಸಾರ್ ಎಂದ. ಅವನು ಗೇಲಿ ಮಾಡಲಿಲ್ಲ, ನಿಜವಾಗಿಯೂ ಮರುಕದಿಂದ ಕೇಳಿದ. ಅದು ಇನ್ನೂ ಕೆಟ್ಟದಾಗಿತ್ತು.

ಕಚೇರಿಯಲ್ಲಿ ಅಪ್ಪನ ಕುರ್ಚಿ ಖಾಲಿ. ರಜದ ಚೀಟಿಯೂ ಬಂದಿಲ್ಲವೆಂದು ಪಕ್ಕದ ಮೇಜಿನವರು ಆಶ್ಚರ್ಯಪಟ್ಟರು. ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದ ಮನುಷ್ಯ. ನನ್ನನ್ನು ತಡೆಯಲು ಇಷ್ಟೆಲ್ಲ ಮಾಡಿದರಲ್ಲ ಎಂದು ಸಿಟ್ಟು ನೆತ್ತಿಗೇರಿತು.

ಒಂದು ಗಂಟೆಗೆ ಮನೆಗೆ ಬಂದು, ಸ್ನಾನ ಮಾಡಿ, ಊಟ ಮಾಡಿದೆ. ಅಪ್ಪನ ಬಗ್ಗೆ ಅಮ್ಮನ ಮುಂದೆ ಆಡಬಾರದ ಮಾತೆಲ್ಲ ಆಡಿದೆ. ನಾನು ಎಲ್ಲಿಗೂ ಹೋಗುವುದಿಲ್ಲ, ನಾಳೆಯೇ ಮ್ಯಾನೇಜರ ಕಾಲು ಹಿಡಿದು ಕೆಲಸಕ್ಕೆ ಸೇರುತ್ತೇನೆ, ಅವರಿಗೆ ಸಮಾಧಾನವಾಗಲಿ ಎಂದೆ. ಹೋಗಿ ಬೋರಲು ಮಲಗಿದೆ.

ನಾಲ್ಕು ಗಂಟೆಗೆ ಸಂಜೆಯ ಹಾಲು ಬಂತು. ಹಾಲಿನವನ ದನಿ ಕೇಳಿ, ಅವನನ್ನು ತರಾಟೆಗೆ ತೆಗೆದುಕೊಳ್ಳಲು ಎದ್ದು ಬಂದೆ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

“ಸ್ವಾಮಿ, ನೀವಿನ್ನೂ ಇಲ್ಲೇ ಇದೀರಾ? ಅಯ್ನೋರು ಬೆಳಿಗ್ಗೆ ಮೊದಲನೇ ಬಸ್ಸಿಗೇ ಬಂದು ನಮ್ಮನೆ ಜಗಲಿ ಮೇಲೆ ಕೂತವ್ರೆ. ಹೇಳಿ ಕಳಿಸ್ಲಾ ಅಂದ್ರೆ, ಬ್ಯಾಡ, ಚೀಲ ಇಲ್ಲಿರೋವಾಗ ಅವನು ಇನ್ನೆಲ್ಲಿಗೆ ಹೋಗ್ತಾನೆ, ಇಲ್ಲಿಗೇ ಬರ್ತಾನೆ ಅಂದ್ರು.”

ಅಮ್ಮ ಒಳಗೆ ಓಡಿ, ಮೊಸರನ್ನ ಕಲಸಿ ಹಿತ್ತಾಳೆಯ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು. ಬೆಳಗಿನಿಂದ ಏನೂ ತಿಂದಿರುವುದಿಲ್ಲ ಎಂದರು. ಇಡೀ ದಿನದಲ್ಲಿ ನಾನು ಎಲ್ಲ ಕಡೆ ಹುಡುಕಿದ್ದೆ, ಹೋಗಬೇಕಾದ ಒಂದು ಜಾಗ ಬಿಟ್ಟು. ಅಪ್ಪ ನನ್ನ ಪ್ರಯಾಣವನ್ನು ಮುಂದಕ್ಕೆ ಹೊತ್ತುಕೊಂಡು ಹೋಗಿರಬಹುದೆಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಆ ನಾಲ್ಕೂವರೆ ಮೈಲಿ ಹೇಗೆ ತುಳಿದೆನೋ ನೆನಪಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದದ್ದು ನೆನಪಿದೆ.

ಅಪ್ಪ ಜಗಲಿಯ ಮೇಲೆ ನೆಟ್ಟಗೆ ಕೂತಿದ್ದರು. ಕೋಟಿನ ಗುಂಡಿ ಹಾಕಿಕೊಂಡೇ ಇದ್ದರು. ಚೀಲ ತೊಡೆಯ ಮೇಲಿತ್ತು. ಪಕ್ಕದಲ್ಲಿ ಒಂದು ಖಾಲಿ ಎಳನೀರಿನ ಬುರುಡೆ. ಹಾಲಿನವನ ತಾಯಿ ನನ್ನನ್ನು ಕಂಡದ್ದೇ, ಆ ಮಣಭಾರದ ಚೀಲ ಕೆಳಗಿಡಿ ಎಂದರೂ ಬೆಳಗಿನಿಂದ ಇಳಿಸಿಲ್ಲ ಎಂದು ದೂರು ಹೇಳಿದರು. ಚೀಲ ಹೊಸಿಲು ದಾಟಿಲ್ಲ, ನೆಲ ಮುಟ್ಟಿಲ್ಲ, ಆದ್ದರಿಂದ ಪ್ರಸ್ಥಾನ ಕೆಟ್ಟಿಲ್ಲ. ಕಚೇರಿಯ ಕಾಗದಗಳಲ್ಲಿ ಜನ್ಮವಿಡೀ ತಪ್ಪು ಹುಡುಕಿದ ಮನುಷ್ಯ ನನಗಾಗಿ ಒಂದು ದಾರಿ ಹುಡುಕಿದ್ದರು.

ನಾನು ಮುಂದೆ ಹೋಗಿ ನಿಂತೆ. ಒಂದು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

“ಮನೆ ಒಳಕ್ಕೆ ಹೋಗ್ಲಿಲ್ಲ ತಾನೆ? ಬಾಗಿಲಲ್ಲೇ ವಿಚಾರಿಸ್ಕೊಂಡು ಬಂದೆ, ಅಲ್ವಾ?”

ಸ್ನಾನ ಮಾಡಿ, ಉಂಡು, ಎರಡು ಗಂಟೆ ನಿದ್ದೆ ಹೊಡೆದು ಬಂದವನು ನಾನು. ನಮ್ಮ ಮನೆಯ ಹಿತ್ತಾಳೆಯ ಡಬ್ಬಿ ನನ್ನ ಕೈಯಲ್ಲೇ ಇತ್ತು.

“ಇಲ್ಲ, ಹೋಗ್ಲಿಲ್ಲ” ಎಂದೆ.

ಅಪ್ಪ ಡಬ್ಬಿಯನ್ನು ನೋಡಿದರು. ಅದರ ಮುಚ್ಚಳದ ಮೇಲೆ ಅವರದೇ ಹೆಸರು ಕೊರೆಸಿತ್ತು. “ಹಾಗಾದ್ರೆ ಸರಿ” ಎಂದರು. ಚೀಲವನ್ನು ಎರಡು ಕೈಯಲ್ಲೂ ಎತ್ತಿ ನನ್ನ ಕೈಗೆ ಕೊಟ್ಟರು. ಏಳಲು ಹೋದರೆ ತೊಡೆ ಜೋಮು ಹಿಡಿದು ಏಳಲಾಗಲಿಲ್ಲ. ಹಾಗೇ ಕೂತು, ಡಬ್ಬಿ ತೆಗೆದು ಊಟಕ್ಕೆ ತೊಡಗಿದರು.