ಎಡಕ್ಕೆ ಹಗುರ, ಬಲಕ್ಕೆ ಭಾರ

ಗುಲ್ಚಾ ಎಂಬ ಬೆಟ್ಟದೂರಿನ ಬುರುಲಕ್ಕನ ಅಂಗಳಕ್ಕೆ ಸ್ಟೇರಿಂಗ್ ಕೆಟ್ಟ ಲಾರಿ ಬಂದರೆ ಅವರು ಮೊದಲು ತರುವುದು ಪಾನಾ ಅಲ್ಲ, ಚಹಾ ಕುಡಿಯುವ ಬಿಳಿ ಬಟ್ಟಲು. ಸ್ಟೇರಿಂಗಿನ ಎಣ್ಣೆಯನ್ನು ಅದಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿಯುತ್ತಾರೆ. ಹಿಂದೆ ಸರ್ಕಾರಿ ಕೃಷಿಕ್ಷೇತ್ರದ ಗ್ಯಾರೇಜಿನಲ್ಲಿ ಅವರು ಹನ್ನೊಂದು ವರ್ಷ ಎಣ್ಣೆ ಅಳೆದು ಕೊಡುತ್ತಿದ್ದರು. ವಾಪಸು ಬಂದ ಕೊಳಕು ಎಣ್ಣೆ ನೋಡಿಯೇ ಗಾಡಿಯ ರೋಗ ಹೇಳುವುದನ್ನು ಅಲ್ಲಿ ಕಲಿತರು. ರಿಪೇರಿಯನ್ನು ಅವರಿಗೆ ಯಾರೂ ಕಲಿಸಲಿಲ್ಲ.

ಹೋದ ನವೆಂಬರಿನಲ್ಲಿ ಕಲ್ಮುರಾತ್ ಎಂಬ ಚಾಲಕ ಬಂದ. ಅವನ ಹಳೆಯ ಲಾರಿಯ ತುಂಬ ಒಣಹುಲ್ಲು. ತಾಲ್ದಿಕ್ ಘಾಟಿಯ ಆಚೆ, ಸಾರಿತಾಶ್‌ನಲ್ಲಿ ಅವನ ಸೋದರಮಾವನ ಇನ್ನೂರು ಕುರಿಗಳಿಗೆ ಎರಡು ದಿನದ ಮೇವು ಮಾತ್ರ ಉಳಿದಿತ್ತು. ಅಂದು ರಾತ್ರಿಯಿಂದ ಹಿಮ ಎಂದು ರೇಡಿಯೋ ಹೇಳಿತ್ತು. ಘಾಟಿ ಮುಚ್ಚಿದರೆ ಯಾವಾಗ ತೆರೆಯುತ್ತದೋ ಯಾರಿಗೂ ತಿಳಿಯದು.

"ಅಕ್ಕ, ಸ್ಟೇರಿಂಗಿಗೆ ಎಣ್ಣೆ ತಳ್ಳೋ ಪಂಪು ಹೋಗಿದೆ. ಓಶ್ ಪೇಟೇಲಿ ಒಬ್ರ ಹತ್ರ ಹಳೇದಿದೆ, ತರ್ತೀನಿ. ನೀವು ಕೂರಿಸಿಕೊಟ್ರೆ ಸಾಕು."

"ನೀನು ಹೋಗಿ ಬರೋದ್ರೊಳಗೆ ಹಿಮ ಬಿದ್ದಿರುತ್ತೆ. ಯಾವ ಕಡೆ ಭಾರ?"

"ಬಲಕ್ಕೆ. ಎಡಕ್ಕೆ ಒಂದು ಬೆರಳಲ್ಲಿ ತಿರುಗುತ್ತೆ."

"ಎರಡು ಕಡೆಗೂ ಇರೋದು ಒಂದೇ ಪಂಪು ತಾನೆ? ಅದು ಸೋತಿದ್ರೆ ಎರಡೂ ಕಡೆ ಸೋಲಬೇಕಿತ್ತು."

ಬಟ್ಟಲು ಹಿಡಿದು ಕೂತ ಅವರನ್ನು ನೋಡಿ ಕಲ್ಮುರಾತ್‌ಗೆ ತಡೆಯಲಾಗಲಿಲ್ಲ. "ನಮ್ಮಜ್ಜಿ ನಲವತ್ತೊಂದು ಕಾಳು ಹರಡಿ ಭವಿಷ್ಯ ಹೇಳ್ತಿದ್ಲು. ನೀವು ಎಣ್ಣೇಲಿ ಹೇಳ್ತೀರಾ?"

"ನೀನು ಹುಟ್ತೀಯ ಅಂತ ಕಾಳು ಮೊದಲೇ ಹೇಳಿದ್ರೆ ಆಯಮ್ಮ ಊರು ಬಿಡ್ತಿದ್ಲು. ಸುಮ್ನೆ ಜಾಕಿ ತಾ."

ಎಣ್ಣೆಯಲ್ಲಿ ಕಬ್ಬಿಣದ ಮಿನುಗು ಇರಲಿಲ್ಲ. ಪಂಪು ಸವೆದಿದ್ದರೆ ಅದು ಕಾಣುತ್ತದೆ. ಆದರೆ ತಳದಲ್ಲಿ ನಾಲ್ಕೈದು ಕಪ್ಪು ಚೂರುಗಳಿದ್ದವು. ಬೆರಳಲ್ಲಿ ಉಜ್ಜಿದರೆ ಮಸಿಯಂತೆ ಹರಡಿದವು. ಅಷ್ಟಕ್ಕೇ ಅವರು ತೀರ್ಪು ಕೊಡಲಿಲ್ಲ. ಮುಂದಿನ ಚಕ್ರಗಳನ್ನು ಎತ್ತಿಸಿ, ಅವುಗಳನ್ನು ತಳ್ಳುವ ಸಿಲಿಂಡರನ್ನು ಕಳಚಿ, ಕೈಯಿಂದಲೇ ಚಕ್ರ ತಿರುಗಿಸಿದರು. ಎರಡು ಕಡೆಗೂ ಸಮನಾಗಿ ತಿರುಗಿತು. ಅಂದರೆ ಕೀಲುಗಳಲ್ಲೂ ದೋಷವಿಲ್ಲ. ಉಳಿದದ್ದು ಸಿಲಿಂಡರಿಗೆ ಎಣ್ಣೆ ಒಯ್ಯುವ ಎರಡು ರಬ್ಬರ್ ಪೈಪು.

ಹೊರಗಿನಿಂದ ಎರಡೂ ಚೆನ್ನಾಗಿಯೇ ಇದ್ದವು. ಬುರುಲಕ್ಕ ಅವುಗಳನ್ನು ಬಿಚ್ಚಿ, ತುದಿ ಒರೆಸಿ, ಬಾಯಿಟ್ಟು ಊದಿದರು. ಮೊದಲನೆಯದರಲ್ಲಿ ಉಸಿರು ಎರಡು ಕಡೆಯಿಂದಲೂ ಹಾದುಹೋಯಿತು. ಎರಡನೆಯದರಲ್ಲಿ ಒಂದು ಕಡೆಯಿಂದ ಮಾತ್ರ. ಚಾಕುವಿನಿಂದ ಸೀಳಿದಾಗ ಒಳಪದರ ಕಿತ್ತು ನಾಲಿಗೆಯಂತೆ ಎದ್ದುನಿಂತಿತ್ತು; ಬಟ್ಟಲಿನ ಕಪ್ಪು ಚೂರುಗಳು ಅದರವೇ. ಎಣ್ಣೆ ಒಂದು ದಿಕ್ಕಿಗೆ ಹರಿದರೆ ಅದು ಮಲಗುತ್ತದೆ, ಇನ್ನೊಂದು ದಿಕ್ಕಿಗೆ ಹರಿದರೆ ಎದ್ದು ದಾರಿ ಮುಚ್ಚುತ್ತದೆ. ಬಲಕ್ಕೆ ಭಾರವಾದದ್ದು ಅದಕ್ಕೇ.

"ಬೆಳಿಗ್ಗೆ ಚಳಿಗೆ ಸ್ಟೇರಿಂಗ್ ಬಿಗಿ ಹಿಡಿದಾಗ ಏನು ಮಾಡ್ತೀಯ?"

"ಎಲ್ಲರೂ ಮಾಡೋದೇ. ಬ್ಲೋಲ್ಯಾಂಪ್ ಹಚ್ಚಿ ಅದರ ಉರೀಲಿ ಕಾಯಿಸ್ತೀನಿ."

"ಎಲ್ಲಿ ಹಿಡೀತೀಯ, ತೋರಿಸು."

ಅವನು ಬಗ್ಗಿ ತೋರಿಸಿದ. ಸರಿಯಾಗಿ ಆ ಪೈಪಿನ ಕೆಳಗೆ.

"ಕಬ್ಬಿಣಕ್ಕೆ ಬೆಂಕಿ ತೋರಿಸು, ರಬ್ಬರಿಗೆ ಬೇಡ. ಹೊರಗೆ ಕಪ್ಪಾಗಲಿಲ್ಲ ಅಂದ್ರೆ ಒಳಗೆ ಬೆಂದಿಲ್ಲ ಅಂತಲ್ಲ."

ಕಲ್ಮುರಾತ್ ತಲೆ ಕೆರೆದುಕೊಂಡ. ಬುರುಲಕ್ಕ ಹಿತ್ತಲಿಗೆ ನಡೆದರು. ತಮ್ಮ ಟ್ರ್ಯಾಕ್ಟರಿನ ಪೈಪನ್ನೇ ಕಳಚಿ ತಂದು ಜೋಡಿಸಿದರು.

ಆಗಲೇ ಬೆಟ್ಟದ ನೆತ್ತಿ ಮೋಡದಲ್ಲಿ ಮರೆಯಾಗಿತ್ತು. "ಅಕ್ಕ, ಹೊರಡ್ಲಾ?" ಎಂದು ಅವನು ಮೂರು ಸಲ ಕೇಳಿದ. ಅವರು ಬಿಡಲಿಲ್ಲ. ಒಳಗೆ ಸೇರಿದ ಗಾಳಿ ಗುಳ್ಳೆಯಾಗಿ ಹೊರಬರಲೆಂದು ಎಂಜಿನ್ ಹಚ್ಚದೆ ಸ್ಟೇರಿಂಗ್ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರು, ಎಣ್ಣೆ ಸುರಿದರು. ಆಮೇಲೆ ಎಂಜಿನ್ ಹಚ್ಚಿ ಅದನ್ನೇ ಮತ್ತೆ ಮಾಡಿದರು.

"ಒಂದು ಗುಳ್ಳೆ ಇದ್ರೆ ಏನಾಗುತ್ತೆ ಅಕ್ಕ?"

"ತಿರುವಿನ ನಡುವೆ ಸ್ಟೇರಿಂಗ್ ಕೈ ಕೊಡುತ್ತೆ. ಆಗ ಹುಲ್ಲು ಕುರಿಗೆ ಸೇರಲ್ಲ, ಪ್ರಪಾತಕ್ಕೆ ಸೇರುತ್ತೆ. ನೀನೂ ಜೊತೆಗೆ."

ಗುಳ್ಳೆ ಏಳುವುದು ನಿಂತಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಅವನು ಹೊರಟ ಮೇಲೆ ಬುರುಲಕ್ಕ ಕೈ ತೊಳೆದರು, ಊಟ ಮಾಡಲಿಲ್ಲ. ಪಡುವಣದಲ್ಲಿ ಬೆಳಕು ತಗ್ಗುವ ಹೊತ್ತಿಗೆ ಫೋನು ಬಂತು.

"ಅಕ್ಕ, ಘಾಟಿ ಇಳಿದೆ. ಕೊನೇ ತಿರುವಲ್ಲಿ ಹಿಮ ಶುರುವಾಯ್ತು. ಹುಲ್ಲು ಇಳಿಸ್ತಾ ಇದೀವಿ."

"ಬಲಕ್ಕೆ?"

"ಬಲಕ್ಕೂ ಒಂದೇ ಬೆರಳು. ಇಲ್ಲಿ ಕೇಳಿ." ಅವನು ಫೋನನ್ನು ಕುರಿದೊಡ್ಡಿಯ ಕಡೆ ಹಿಡಿದಿರಬೇಕು. ಬುರುಲಕ್ಕ ಬಹಳ ಹೊತ್ತು ಕಿವಿಗಿಟ್ಟುಕೊಂಡು ಕೇಳಿದರು.

"ಸಾಕು ಇಡು, ಚೆನ್ನಾಗೇ ತಿಂತಿವೆ," ಎಂದು ಹೇಳಿ ಒಲೆಯ ಮೇಲೆ ಗಂಜಿಗಿಟ್ಟರು.