ಅತ್ತೆಯ ಸೀರೆಗಳಿಗೆ ರಾಶಿ ಹಾಕಿದ ದಿನ

ಹೊಲ ಹಂಚುವುದು ಸುಲಭ, ಹಗ್ಗ ಹಿಡಿದು ಅಳೆದರೆ ಮುಗಿಯಿತು. ಎತ್ತು, ಬಂಡಿ, ತಾಮ್ರದ ಹಂಡೆಗಳನ್ನೂ ಹೇಗೋ ಹಂಚಬಹುದು. ಸೀರೆ ಹಂಚುವುದು ಎಂಥ ಕೆಲಸ ಎಂದು ಗೊತ್ತಾಗಬೇಕಾದರೆ ಮನೆಯಲ್ಲಿ ಮೂವರು ಸೊಸೆಯಂದಿರಿರಬೇಕು, ಅತ್ತೆಯ ಸಂದೂಕದಲ್ಲಿ ಒಂದೇ ಒಂದು ಪೈಠಣಿ ರೇಷ್ಮೆ ಸೀರೆ ಇರಬೇಕು.

ನಾನು ಕಲ್ಯಾಣದ ಆ ಮನೆಯ ಮೂರನೆಯ ಸೊಸೆ. ತವರು ಹುಲಸೂರ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ಕಚೇರಿಯ ಕಾಗದಗಳು ಕನ್ನಡಕ್ಕೆ ಬಂದಿದ್ದವು, ನಮ್ಮ ಹಿರಿಯ ಭಾವನವರ ಸಹಿ ಮಾತ್ರ ಇನ್ನೂ ಉರ್ದುವಿನಲ್ಲೇ ಇತ್ತು. ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾಗುವುದೆಂದು ನಿಶ್ಚಯವಾಯಿತು. ಜಗಳವೇನೂ ಇರಲಿಲ್ಲ. ಒಲೆ ಒಂದು, ಉಣ್ಣುವ ಬಾಯಿ ಹಲವು, ಅಷ್ಟೇ ಕಾರಣ. ಮಾವನವರು ಬದುಕಿದ್ದಾಗಲೇ ಮನೆಯನ್ನು ಅತ್ತೆಯ ಹೆಸರಿಗೆ ಮಾಡಿಸಿದ್ದರು. ಅದಕ್ಕೆ ಎರಡು ಅಡ್ಡಗೋಡೆ ಎಬ್ಬಿಸಿ ಮೂರು ಪಾಲು ಮಾಡುವುದೆಂದಾಯಿತು.

ಮನೆಯಲ್ಲಿ ಇನ್ನೊಬ್ಬಳಿದ್ದಳು. ನನ್ನ ನಾದಿನಿ, ಮೂವರು ಅಣ್ಣಂದಿರ ಬೆನ್ನ ಮೇಲೆ ಹುಟ್ಟಿದ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಆಗಲೇ ಮೂವತ್ತು ದಾಟಿದ್ದಳು. ಅತ್ತೆಯ ಕೊನೆಯ ವರ್ಷಗಳಲ್ಲಿ ಅವರ ಕೈಕಾಲೆಲ್ಲ ಇವಳೇ. ಅವಳ ವಿಷಯವನ್ನು ಅಣ್ಣಂದಿರು ಕೂತು ಮಾತಾಡಿ, ಒಬ್ಬೊಬ್ಬರ ಒಲೆಯ ಮುಂದೆ ವರ್ಷಕ್ಕೆ ನಾಲ್ಕು ನಾಲ್ಕು ತಿಂಗಳು ಎಂದು ಗೊತ್ತು ಮಾಡಿದ್ದರು. ಆಕಿಗಿ ಯಾತರದೂ ಕಮ್ಮಿ ಆಗಬಾರದು ಎಂದು ಹಿರಿಯ ಭಾವ ಮನಸಾರೆ ಹೇಳಿದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಹುಟ್ಟಿದ ಮನೆಯಲ್ಲೇ ಅವಳು ಇನ್ನು ಗಂಟು ಹಿಡಿದು ಈ ಗೋಡೆಯಿಂದ ಆ ಗೋಡೆಗೆ ತಿರುಗಬೇಕಿತ್ತು. ನಿನಗೆ ಒಪ್ಪಿಗೆಯೇ ಎಂದು ಯಾರೂ ಅವಳನ್ನು ಕೇಳಿರಲಿಲ್ಲ.

ಎಲ್ಲ ಸುಸೂತ್ರವಾಗಿ ನಡೆದು ಸಂದೂಕದ ಹತ್ತಿರ ಬಂದು ನಿಂತಿತು. ಪೈಠಣಿಯೊಂದಕ್ಕೇ ಉಳಿದ ಸೀರೆಗಳೆಲ್ಲ ಸಮ ಎಂದು ಹಿರಿಯ ನೆಗೆಣ್ಣಿ. ಹಳೇ ರೇಷ್ಮೆಗೆ ಏನು ಬೆಲೆ, ಜರಿ ಕರಗಿಸಿದರೆ ಎಷ್ಟು ಬೆಳ್ಳಿ ಬರುತ್ತದೋ ಅಷ್ಟೇ ಎಂದು ಹುಡಗಿ ಎಂಬ ಊರಿನಿಂದ ಬಂದ ನಡುವಿನ ನೆಗೆಣ್ಣಿ. ನಾನು ಬಾಯಿ ಬಿಡಲಿಲ್ಲ. ನಮ್ಮಲ್ಲಿ ಹಿರಿಯ ಹಂಚಬೇಕು, ಕಿರಿಯ ಆರಿಸಬೇಕು ಎಂಬ ರೂಢಿಯಿದೆ. ನನ್ನ ಗಂಡ ಕಿರಿಯ ಮಗ, ಮೊದಲು ಕೈ ಹಾಕುವವರು ನಾವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಯಾಕೆ ಅಲೆಯಲಿ? ಆ ಪೈಠಣಿಯ ಬಾಳೆಸುಳಿ ಬಣ್ಣ, ಸೆರಗಿನ ನವಿಲುಗಳು ನನ್ನ ಕನಸಿನಲ್ಲೂ ಬರುತ್ತಿದ್ದವು, ಸುಳ್ಳು ಯಾಕೆ ಹೇಳಲಿ.

ಮಾತು ಬೆಳೆದು ಹುಮನಾಬಾದದ ವಕೀಲರ ತನಕ ಹೋಯಿತು. ಸೀರೆ ಅರಿವೆಗಳ ಬೆಲೆ ಬಲ್ಲವರ ಕೈಯಲ್ಲಿ ಕಟ್ಟಿಸಿಕೊಂಡು ಬನ್ನಿ, ಇಲ್ಲದಿದ್ದರೆ ಪಾಲುಪತ್ರ ಬರೆದರೂ ನಿಮ್ಮ ಮನೆಯ ಹೆಂಗಸರು ನಿಮ್ಮನ್ನು ಸಹಿ ಹಾಕಲು ಬಿಡುವುದಿಲ್ಲ ಎಂದರಂತೆ. ಆ ಬಲ್ಲವರೂ ಹುಮನಾಬಾದದಲ್ಲೇ ಇದ್ದರು. ಅಜ್ಜನ ಕಾಲದಿಂದ ಬಟ್ಟೆ ಅಂಗಡಿ ಇಟ್ಟ ಮುಸಲ್ಮಾನರ ಮನೆತನದ ಹಿರಿಯರು. ಸುತ್ತಿನ ಊರುಗಳಲ್ಲಿ ಯಾರ ಮನೆ ಹಿಸ್ಸೆಯಾದರೂ ಅರಿವೆ ನೋಡಲು ಅವರಿಗೇ ಕರೆ ಹೋಗುತ್ತಿತ್ತು. ಎಲ್ಲರಿಗೂ ಅವರು ಚಾಚಾ.

ಚಾಚಾ ಬಂದ ವೈಖರಿಯನ್ನು ಹೇಳಲೇಬೇಕು. ಬಸ್ಸಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರಿಂದ ಹಿರಿಯ ಭಾವ ಯಾರದೋ ಜೀಪು ಬೇಡಿ ತಂದಿದ್ದರು. ಕಪ್ಪು ಶೇರವಾನಿ, ಗೋರಂಟಿ ಹಚ್ಚಿದ ಗಡ್ಡ, ಅತ್ತರಿನ ವಾಸನೆ. ಪಡಸಾಲೆಗೆ ಕಾಲಿಡುತ್ತಲೇ, "ಕಂಬಳಿ ತೆಗೀರಿ, ಬಿಳೀ ಚಾದರ ಹಾಸ್ರಿ. ಕಪ್ಪಿನ ಮ್ಯಾಲ ಕಪಡಾ ಸುಳ್ಳು ಹೇಳ್ತದ," ಎಂದರು. ಮೊದಲ ಚಹಾ ತೆಳ್ಳಗಾಯಿತೆಂದು ಮರಳಿಸಿದರು. ಎರಡನೆಯದನ್ನು ನಾನೇ ಮಾಡಿಕೊಟ್ಟೆ, ಕುಡಿದರು. ತಮ್ಮಂಥ ಕಣ್ಣು ಗುಲ್ಬರ್ಗಾದ ತನಕ ಇನ್ನೊಂದಿಲ್ಲ ಎಂದು ತಾವೇ ಹೇಳಿಕೊಂಡರು. ಒಳಗೆ ಕೂತ ನಾವು ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ಅವರು ಕೆಲಸಕ್ಕೆ ಕೂತ ಮೇಲೆ ನಗು ನಿಂತಿತು. ಕೈ ತೊಳೆದು ಒರೆಸಿಕೊಂಡು, ಒಂದೊಂದೇ ಸೀರೆಯನ್ನು ಎರಡೂ ಅಂಗೈ ಮೇಲೆ ತೆಗೆದುಕೊಳ್ಳುತ್ತಿದ್ದರು. ಬೆಳಕಿಗೆ ಹಿಡಿದು ಎಳೆ ನೋಡುವರು. ಜರಿಯ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಮೆಲ್ಲಗೆ ಉಜ್ಜುವರು. ಇಳಕಲ್ ಸೀರೆಗೆ ಸೆರಗು ಕೂಡಿಸಿದ ಗೆರೆಯನ್ನು ಕಣ್ಣು ಮುಚ್ಚಿ ಉಗುರಿನಿಂದ ಹುಡುಕುವರು. ಮಾವನವರ ಹಿಮ್ರು ನೇಯ್ಗೆಯ ಶೇರವಾನಿಯನ್ನು ಒಳಗು ಹೊರಗು ಮಾಡಿ ನೋಡಿ, ಅದರ ದರ್ಜಿಯನ್ನು ಹೊಗಳಿದರು. ರೂಪಾಯಿಯ ಮಾತನ್ನೇ ಎತ್ತಲಿಲ್ಲ. ಭಾವ ಎರಡು ಸಲ ಕೇಳಿದ್ದಕ್ಕೆ, "ಅಂಕಿ ವಕೀಲರಿಗೆ ಆಮ್ಯಾಗ ಬರಕೊಡ್ತೀನಿ ಸಾವಕಾರ್ರ. ರೂಪಾಯಿ ಅಂದಕೂಡ್ಲೇ ಮನಿ ಮಂದಿ ಕಿವಿ ಬ್ಯಾರೆ ಆಗ್ತಾವ. ನಾ ರಾಶಿ ಹಾಕ್ತೀನಿ. ಯಾವ ರಾಶಿ ಬಂದ್ರೂ ನಿಮಗ ನಿದ್ದಿ ಬರಬೇಕು, ಅದ ನನ್ನ ತಕ್ಕಡಿ," ಎಂದರು. ಇಷ್ಟು ಬುದ್ಧಿ ಇದ್ದವರಿಗೆ ಅಷ್ಟು ಬಡಿವಾರ ಒಪ್ಪುತ್ತದೆ ಎಂದು ನನಗೆ ಆಗಲೇ ಅನ್ನಿಸಿತು.

ಕೊನೆಗೆ ಪೈಠಣಿ ಬಿಚ್ಚಿದರು. ತುಂಬ ಹೊತ್ತು ನೋಡಿ, "ಇವನ್ನ ಜತನ ಮಾಡಿದವರು ಯಾರು?" ಎಂದು ಕೇಳಿದರು. "ಇಷ್ಟು ಹಳೇ ರೇಶಿಮಿ ಮಡಿಕೀಗಿ ಹರಿದಿರಬೇಕಿತ್ತು. ಎಲ್ಲೀನೂ ಹರಿದಿಲ್ಲ. ವರ್ಷಾ ಬಿಚ್ಚಿ, ನೆರಳಿಗಿ ಹಾಕಿ, ಬ್ಯಾರೆ ಕಡಿ ಮಡಚ್ಯಾರ."

ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನಾದಿನಿ ಅಲ್ಲಿ ನಿಂತಿದ್ದಳು. ದಸರೆ ಮುಗಿದ ಮೇಲೆ ಪ್ರತಿ ವರ್ಷ ಅವಳು ಅತ್ತೆಯನ್ನು ಕೂರಿಸಿಕೊಂಡು ಅದೇ ಕೆಲಸ ಮಾಡುವುದನ್ನು ನಾನೂ ಕಂಡಿದ್ದೆ. ಹಳೇ ಬೇವಿನ ಎಲೆ ಕೊಡವಿ ಹೊಸದು ಹಾಕುವಳು.

ಚಾಚಾ ತಲೆಯಾಡಿಸಿದರು. "ಸಾವಕಾರ್ರ, ನೀವು ಒಕ್ಕಲುತನದ ಮಂದಿ. ಕಣದಾಗ ರಾಶಿ ಹಂಚೂಕಿಂತ ಮೊದಲು ಏನ್ ಮಾಡ್ತೀರಿ? ಬಡಿಗ್ಯಾಗ, ಕಂಬಾರಗ ಅವರ ಕೆಲಸಕ್ಕ ಆಯ ತೆಗೀತೀರಿ. ಹೊಲ ಕಾಯ್ದಾವಗ ಒಂದು ಮರ ಜ್ವಾಳ ಹಾಕ್ತೀರಿ. ಇಲ್ಲಿ ಯಾಕ ಮರ್ತೀರಿ?" ಎಂದು ಒಂದು ಇಳಕಲ್ ಸೀರೆ, ಒಂದು ಶಾಲು ತೆಗೆದು ಬದಿಗಿಟ್ಟರು. "ಇದು ಈ ಬೇಟಿಯ ಆಯ. ಉಳಿದಿದ್ದಕ್ಕ ಮೂರು ರಾಶಿ."

ಹಿರಿಯ ಭಾವನ ಮುಖ ಅರಳಿತು. ಧಾನ್ಯದ ಕಣದಲ್ಲಿ ಒಮ್ಮೆಯೂ ಮರೆಯದವರು ಮನೆಯೊಳಗೆ ಮರೆತಿದ್ದರು, ಅದನ್ನು ಹೊರಗಿನವರು ನೆನಪಿಸಿದ್ದು ಅವರಿಗೆ ನಿಜವಾಗಿ ಹಿತವಾಯಿತು. ಎಲ್ಲರೂ ಹೌದು ಹೌದು ಎಂದರು. ನಾನೂ ಅಂದೆ. ಎಂಥ ದೊಡ್ಡ ಮನಸ್ಸಿನ ಮನುಷ್ಯ ಎಂದು ಚಾಚಾನ ಮೇಲೆ ನನ್ನ ಗೌರವ ಇಮ್ಮಡಿಯಾಯಿತು.

ನಾದಿನಿ ಬಾಗಿಲು ಬಿಟ್ಟು ಪಡಸಾಲೆಗೆ ಬಂದಳು. ಗಂಡಸರ ನಡುವೆ ಹಾಗೆ ಬಂದು ನಿಂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಚಾಚಾ, ನನಗ ಆಯ ಬ್ಯಾಡ್ರಿ," ಎಂದಳು. "ಆಯ ಹೊರಗಿನವರಿಗಿ. ನಾ ಮಗಳು. ನಾಕು ರಾಶಿ ಹಾಕ್ರಿ."

ಹಿರಿಯ ಭಾವ, ಸಿಟ್ಟಿಗಿಂತ ನೋವಿನಿಂದಲೇ, "ಉಣ್ಣಾಕ ಉಡಾಕ ನಾವು ನಿನಗ ಏನರ ಕಮ್ಮಿ ಮಾಡೀವೇನವ್ವಾ?" ಎಂದರು.

"ಇಲ್ಲ ಅಣ್ಣಾ. ಕಮ್ಮಿ ಮಾಡಿಲ್ಲ. ನೀವು ಕೊಟ್ಟಿರಿ, ನಾ ತಗೊಂಡೆ. ಅವ್ವಂದು ಮಾತ್ರ ಯಾರೂ ಕೊಡೂದಲ್ಲ. ತಾನಾಗೇ ಬರೂದು. ನಿಮಗ ಹ್ಯಾಂಗ ಬರ್ತದೋ ನನಗೂ ಹಂಗ."

ಅವಳ ದನಿ ಏರಲಿಲ್ಲ. ಸೆರಗಿನ ಅಂಚನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಷ್ಟು ವರ್ಷ ಅವಳ ಜೊತೆ ಒಂದೇ ಒಲೆಯ ಮುಂದೆ ರೊಟ್ಟಿ ತಟ್ಟಿದ್ದೆ, ಇವಳೊಳಗೆ ಇಂಥ ಮಾತು ಇದೆಯೆಂದು ಗೊತ್ತಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಈಗ ಎಲ್ಲರೂ ಚಾಚಾನ ಮುಖ ನೋಡಿದರು. ತುಂಬಿದ ಪಡಸಾಲೆಯಲ್ಲಿ ಅವರ ಮಾತನ್ನು ತೆಗೆದುಹಾಕಿದ್ದಾಳೆ, ತೆಳ್ಳನೆಯ ಚಹಾವನ್ನೇ ಸಹಿಸದ ಮನುಷ್ಯ ಇದನ್ನು ಸಹಿಸಿಯಾನೇ ಎಂದು ನಾನು ಹೆದರಿದೆ. ಅವರು ಆಯವೆಂದು ಬದಿಗಿಟ್ಟಿದ್ದ ಸೀರೆಯನ್ನೂ ಶಾಲನ್ನೂ ತಮ್ಮ ಕೈಯಾರೆ ಎತ್ತಿ ಮತ್ತೆ ಚಾದರದ ನಡುವೆ ತಂದಿಟ್ಟರು.

"ಗಲತಿ ನಂದು, ಬೇಟಿ," ಎಂದರು. "ನಾ ಅರಿವಿ ನೋಡಿದೆ, ವಾರಸುದಾರರನ್ನ ಎಣಸಲಿಲ್ಲ. ಸಾವಕಾರ್ರ, ಕಾಯದೆನೂ ಹಂಗ ಅದ. ವಕೀಲರು ಕೇಳಿದಾಗ ನೀವು ಗಂಡಮಕ್ಕಳು ಮೂವರು ಅಂತ ಅಷ್ಟೇ ಹೇಳಿರಬೇಕು."

ಭಾವ ವಕೀಲರಿಗೆ ಹಾಗೆಯೇ ಹೇಳಿದ್ದರು.

ಮೂರು ರಾಶಿಗಿಂತ ನಾಲ್ಕು ಹಾಕುವುದು ಬಹಳ ಕಷ್ಟದ ಕೆಲಸ. ಚಾಚಾ ಶೇರವಾನಿಯ ಗುಂಡಿ ಬಿಚ್ಚಿ, ತೋಳು ಮಡಚಿ ಕೂತರು. ಇಟ್ಟದ್ದನ್ನು ಎತ್ತುವರು, ಎತ್ತಿದ್ದನ್ನು ಇನ್ನೊಂದು ಕಡೆ ಇಡುವರು. ಪೈಠಣಿಯ ಜೊತೆ ಎರಡು ಕುಬಸದ ಖಣ ಬಿಟ್ಟರೆ ಬೇರೇನೂ ಇಲ್ಲ. ನಾರಾಯಣಪೇಟೆಯ ಸೀರೆಗಳು ಹಿಮ್ರು ಶೇರವಾನಿಯ ಜೊತೆಗೆ ಹೋದವು, ಆಮೇಲೆ ಅದರಲ್ಲೊಂದು ಹಿಂದೆ ಬಂತು. ಪ್ರತಿ ಬದಲಾವಣೆಗೂ ಕಾರಣ ಹೇಳುತ್ತಿದ್ದರು, ಈ ಸಲ ನಾದಿನಿಯ ಕಡೆ ನೋಡಿ, ಅವಳೂ ಬಲ್ಲವಳೆಂಬಂತೆ. ಒಂದು ಇಳಕಲ್ ಸೀರೆಯ ಅಂಚಿಗೆ ಇಲಿ ಕಡಿದದ್ದನ್ನು ಅವಳೇ ತೋರಿಸಿದಳು. ಶಹಬ್ಬಾಸ್ ಎಂದು ಅದನ್ನು ಬೇರೆ ರಾಶಿಗೆ ಹಾಕಿದರು. ಎಲ್ಲ ಮುಗಿದಾಗ ನಡುವಿನ ನೆಗೆಣ್ಣಿ ಕೂಡ ಸುತ್ತಲೂ ಬಗ್ಗಿ ನೋಡಿ, "ಬರಾಬರ್ ಅದಾವ್ರಿ," ಎಂದಳು. ಅವಳ ಬಾಯಲ್ಲಿ ಆ ಮಾತು ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಆರಸ್ರಿ," ಎಂದರು ಚಾಚಾ. "ಸಣ್ಣವರು ಮೊದಲು."

ನನ್ನ ಗಂಡ ರೂಢಿಯಂತೆ ಮುಂದೆ ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಅವರು ಹೆಚ್ಚು ಮಾತಿನವರಲ್ಲ. ಹಿಂದೆ ತಿರುಗಿ ತಂಗಿಗೆ, "ನಾ ಎಲ್ಲಿ ಸಣ್ಣಾವ? ನೀ ಸಣ್ಣಾಕಿ. ಬಾ," ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಅವ್ವನ ನೆನಪಿಗೆಂದು ಯಾವುದಾದರೂ ನೂಲಿನ ಸೀರೆಯ ರಾಶಿ ತೆಗೆದುಕೊಂಡಾಳು ಎಂದು ಒಂದು ಗಳಿಗೆ ಆಸೆಪಟ್ಟೆ. ಅವಳು ನೇರವಾಗಿ ಹೋಗಿ ಪೈಠಣಿ ಎತ್ತಿಕೊಂಡಳು. ಜರಿ ಸೀರೆ ಉಡುವುದನ್ನು ಗಂಡ ಸತ್ತಂದಿನಿಂದ ಬಿಟ್ಟವಳು. ಇದನ್ನು ಏನು ಮಾಡುತ್ತೀ ಎಂದು ಹಿರಿಯ ನೆಗೆಣ್ಣಿ ಕೇಳಿಯೇ ಬಿಟ್ಟಳು.

"ಉಡ್ತೀನಿ, ವೈನಿ," ಎಂದಳು.

ನನ್ನ ಹೊಟ್ಟೆಯುರಿ ಅಲ್ಲೇ ಸತ್ತುಹೋಯಿತು. ಆ ಪೈಠಣಿ ಇನ್ನು ಬೇರೆ ಯಾರ ಹೆಗಲ ಮೇಲೂ ಚೆಂದ ಕಾಣುವಂತಿರಲಿಲ್ಲ.

ಎಲ್ಲರೂ ತಮ್ಮ ತಮ್ಮ ರಾಶಿ ಎತ್ತಿಕೊಂಡು ತಮ್ಮ ತಮ್ಮ ಖೋಲಿಗೆ ಹೋದರು. ನಾನೂ ನಮ್ಮದನ್ನು ಒಳಗಿಟ್ಟು ಬಂದೆ. ನೋಡಿದರೆ ನಾದಿನಿ ಸೀರೆಯನ್ನು ಎದೆಗವಚಿಕೊಂಡು ಇನ್ನೂ ಪಡಸಾಲೆಯ ನಡುವೆ ನಿಂತಿದ್ದಾಳೆ. ಅವಳು ಮಲಗುತ್ತಿದ್ದುದು ಅತ್ತೆಯ ಮಂಚದ ಪಕ್ಕದಲ್ಲಿ. ಆ ಖೋಲಿ ನಡುವಿನ ಭಾವನ ಪಾಲಿಗೆ ಹೋಗಿತ್ತು. ಆ ಸೀರೆಯನ್ನು ಒಯ್ದಿಡಲು ಆ ಮನೆಯಲ್ಲಿ ಅವಳದೆಂಬ ಒಂದು ಮೂಲೆಯೂ ಇರಲಿಲ್ಲ.

ಹಿರಿಯ ಭಾವ ಅದನ್ನು ನೋಡಿದರು. ಚಾಚಾ ಗಡ್ಡ ಸವರುತ್ತ ಸುಮ್ಮನೆ ಕೂತಿದ್ದರು, ಈ ಸಲ ಏನನ್ನೂ ನೆನಪಿಸಲಿಲ್ಲ. ಭಾವ ಯಾರ ಮುಖವನ್ನೂ ನೋಡದೆ, "ಅರಿವೀಗಿ ನಾಕು ಅಂದ್ರ ಮನೀಗೂ ನಾಕ. ನಾಳಿ ವಕೀಲರಿಗಿ ಹೇಳಿ ಕಾಗದ ಬದಲಿ ಮಾಡಸ್ತೀನಿ," ಎಂದರು. "ಮ್ಯಾಗಿನ ಎರಡೂ ಖೋಲಿ ನಿನ್ನವು. ಅಲ್ಲಿಟ್ಟ ಬೀಜದ ಚೀಲ ಇಳಸ್ತೀನಿ."

ಅಣ್ಣನ ಕಾಲು ಮುಟ್ಟುತ್ತಾಳೆ, ಅಳುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಸೀರೆಯನ್ನು ಒಂದು ತೋಳಿಗೆ ಹಾಕಿಕೊಂಡು ಇನ್ನೊಂದು ಕೈ ಮುಂದೆ ಚಾಚಿದಳು.

"ಕೀಲಿ ಕೊಡು, ಅಣ್ಣಾ."

ಭಾವ ಉಡದಾರದಿಂದ ಕೀಲಿ ಬಿಚ್ಚತೊಡಗಿದರು.